ಪಾರಿಜಾತದ ಪುಣ್ಯ ಯಾರ ಪಾಲಿಗೆ

ನಮ್ಮವರಿಗೆ ಹಳೆಯ ಗೋಡೆಯೊಂದು ಕಂಡರೆ ಸಾಕು, ಊಟ ನೆನಪಿರುತ್ತಿರಲಿಲ್ಲ. ಹುನಗುಂದದ ಸಾಲೆಯಲ್ಲಿ ಮಾಸ್ತರರಾಗಿದ್ದರು. ವಾರವೆಲ್ಲ ಹುಡುಗರಿಗೆ ಪಾಠ ಹೇಳುವುದು, ರವಿವಾರ ಬಂತೆಂದರೆ ಯಾವುದೋ ಹಾಳು ಕೋಟೆ, ಯಾವುದೋ ದೊಡ್ಡ ಮನೆತನದ ವಾಡೆ, ಎಲ್ಲಿಯದೋ ಬಾವಿ ಹುಡುಕಿಕೊಂಡು ಹೊರಡುವುದು. ಮದುವೆಯಾದ ಹೊಸದರಲ್ಲಿ ನಾನು ಬಾಗಲಕೋಟೆಗೆ, ತವರಿಗೆ ಹೋದಾಗ ಗೆಳತಿಯರು ಸುತ್ತ ಕೂತು, “ನಿನ್ನ ಗಂಡ ಏನೇನು ತೋರಿಸಿದನs, ಸಿನಿಮಾ ತೋರಿಸಿದನೇನು?” ಎಂದು ಕೇಳಿದರು. “ಮೂರು ಬಾವಿ, ಒಂದು ಕುದುರಿ ಲಾಯ ತೋರಿಸ್ಯಾರ” ಎಂದೆ. ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಆದರೂ ದೇವರು ದೊಡ್ಡವನು. ಬೇರೆಯವರ ಗಂಡಂದಿರು ಇಸ್ಪೀಟಿಗೆ ಹೋಗುತ್ತಿದ್ದರು, ನನ್ನವರು ಹೋದಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು.

ನನ್ನನ್ನಷ್ಟೇ ಅಲ್ಲ, ಅತ್ತೆಯವರನ್ನೂ. ಹಳೆಯ ವಾಡೆ ಎಂದಮೇಲೆ ಒಳಗೊಂದು ದೇವರು ಇದ್ದೇ ಇರುತ್ತಾನೆ ಎಂಬುದು ಅವರ ಲೆಕ್ಕ. ಮಗ ಕಲ್ಲು ನೋಡಲಿ, ತಾವು ದೇವರ ದರ್ಶನ ಮಾಡಿಕೊಂಡರಾಯಿತು. ಮಡಿಯಲ್ಲಿ ಹಾಲು ಹಾಕಿ ಕಲಸಿ ಮಾಡಿದ ದಶಮಿ ರೊಟ್ಟಿ ಮತ್ತು ಗಟ್ಟಿ ಮೊಸರಿನ ಬುತ್ತಿ ಕಟ್ಟಿಸಿಕೊಂಡು, ಸೆರಗಿನ ತುದಿಯಲ್ಲಿ ಅಕ್ಷತೆ ಗಂಟು ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂಡಿ ಏರಿ ಕೂಡುವವರು ಅವರೇ.

ಬಾದಾಮಿಯ ಗುಹೆಗಳಿಗೆ ಹೋದಾಗಂತೂ ಅಕ್ಷತೆ ಸಾಲದೆ ಬಂತು. ಅತ್ತೆಯವರು ಗೋಡೆಗೆ ಕೆತ್ತಿದ ಒಬ್ಬರನ್ನೂ ಬಿಡಲಿಲ್ಲ. ವಿಷ್ಣುವಿಗೆ ಹಾಕಿದರು, ವರಾಹನಿಗೆ ಹಾಕಿದರು, ಕೆಳಗೆ ಸಾಲಾಗಿ ಕುಣಿಯುವ ಹೊಟ್ಟೆಯ ಕುಳ್ಳರಿಗೂ ಹಾಕಿದರು. ಕಂಬದ ಮೇಲೆ ಒಬ್ಬರ ಹೆಗಲಿಗೊಬ್ಬರು ಕೈಹಾಕಿಕೊಂಡು ನಿಂತ ಗಂಡು ಹೆಣ್ಣಿಗೆ ಹಾಕಲು ಹೋದಾಗ ನಮ್ಮವರು ತಡೆದರು.

“ಅವ್ವಾ, ಅವರು ದೇವರಲ್ಲ. ಹಂಗ ಸುಮ್ಮನ ಗಂಡಾ ಹೆಂಡತಿ.”

“ಗಂಡಾ ಹೆಂಡತಿ ಇಷ್ಟು ವರ್ಷ ಜಗಳಾಡದs ಒಂದs ಕಡೆ ನಿಂತಾರಂದ್ರ ಅವರು ದೇವರs ಖರೆ” ಎಂದು ಅತ್ತೆ ಅಕ್ಷತೆ ಎಸೆದೇಬಿಟ್ಟರು.

ಹೀಗೆ ನಗುನಗುತ್ತ ತಿರುಗುತ್ತಿದ್ದ ನಮಗೆ ಒಂದು ವರ್ಷ ಕಷ್ಟ ಬಂತು. ನಮ್ಮವರಿಗೆ ವಿಷಮಜ್ವರ. ಇಪ್ಪತ್ತೊಂದು ದಿನ ಮೈ ಕಾದ ಹಂಚಿನಂತಿತ್ತು. ದವಾಖಾನೆಯ ಡಾಕ್ಟರರು ದಿನಾ ಬಂದು ನಾಡಿ ನೋಡಿ ಕೈ ತೊಳೆದುಕೊಂಡು ಹೋಗುತ್ತಿದ್ದರು. ಹದಿನೆಂಟನೆಯ ದಿನ ಅತ್ತೆ ಒದ್ದೆ ಸೀರೆಯಲ್ಲೇ ದೇವರ ಮುಂದೆ ನಿಂತು, “ಕೃಷ್ಣಾ, ಇಂವನ್ನ ಎಬ್ಬಿಸು. ನಿನಗ ಒಂದು ಲಕ್ಷ ಪಾರಿಜಾತ ಏರಸ್ತೇನಿ” ಎಂದು ಹರಕೆ ಹೊತ್ತರು. ಮೂರು ದಿನಕ್ಕೆ ಜ್ವರ ಬಿಟ್ಟಿತು. ಎದ್ದು ಕೂತು ಇವರು ಮೊದಲು ಕೇಳಿದ್ದು ಮೆತ್ತನ್ನ ಅನ್ನ ಅಲ್ಲ, ಇಳಕಲ್ಲಿನ ದಾರಿಯಲ್ಲಿ ಯಾರೋ ಹೇಳಿದ್ದ ದೇಸಾಯರ ವಾಡೆ ನೋಡಲು ಯಾವಾಗ ಹೋಗುವುದು ಎಂದು.

ಹರಕೆ ಹೊರುವಾಗ ಅತ್ತೆ ಒಂದು ವಿಚಾರ ಮಾಡಿರಲಿಲ್ಲ. ಇಡೀ ಹುನಗುಂದದಲ್ಲಿ ನಮಗೆ ಗೊತ್ತಿದ್ದ ಪಾರಿಜಾತದ ಗಿಡ ಒಂದೇ, ಹಣಮಪ್ಪನ ಗುಡಿಯ ಹಿತ್ತಲಿನದು. ಪಾರಿಜಾತವನ್ನು ಗಿಡದಿಂದ ಕೀಳುವಂತಿಲ್ಲ, ರಾತ್ರಿ ತಾನಾಗಿ ಉದುರಿದ್ದನ್ನು ಬೆಳಗಿನಲ್ಲಿ ನೆಲದಿಂದ ಆರಿಸಬೇಕು. ನೆಲಕ್ಕೆ ಬಿದ್ದರೂ ದೇವರಿಗೆ ನಡೆಯುವ ಹೂ ಅದೊಂದೇ. ಹೀಗಾಗಿ ಬೆಳಕು ಹರಿಯುವ ಮೊದಲೇ ಅಲ್ಲಿ ಹತ್ತು ಮಂದಿ ಹೆಂಗಸರು ಬಾಗಿ ನಿಂತಿರುತ್ತಿದ್ದರು. ಬಾಯಲ್ಲಿ ಸ್ತೋತ್ರ, ಮೊಳಕೈಯಲ್ಲಿ ತಿವಿತ. ಅತ್ತೆ ಅಷ್ಟು ತಿವಿಸಿಕೊಂಡು ತರುತ್ತಿದ್ದದ್ದು ಮೂವತ್ತೋ ನಲವತ್ತೋ ಹೂ. ನೂರು ಹೂವಿಗೆ ಒಂದು ಹುಣಸೆಬೀಜದಂತೆ ಹಿತ್ತಾಳೆ ಡಬ್ಬಿಯಲ್ಲಿ ಹಾಕಿ ಲೆಕ್ಕ ಇಡುತ್ತಿದ್ದರು. ಲಕ್ಷ ಮುಗಿಯಲು ಸಾವಿರ ಬೀಜ ಬೇಕು. ಆ ವರ್ಷದ ಹೂವಿನ ಕಾಲ ಮುಗಿದಾಗ ಡಬ್ಬಿಯಲ್ಲಿ ಇಪ್ಪತ್ತಾರು ಬೀಜ ಇದ್ದವು.

“ಈ ಲೆಕ್ಕದಾಗ ನಿನ್ನ ಹರಕಿ ಮುಗಿಸ್ಲಿಕ್ಕೆ ನೀ ಮತ್ತೊಂದು ಜನ್ಮಾ ತಗೋಬೇಕವ್ವಾ” ಎಂದರು ಇವರು.

“ನೀ ನಗು. ಹರಕಿ ಮುಗಿಯೂತನಕಾ ನಿನ್ನ ಜೀವಾ ದೇವರ ಹತ್ರ ಒತ್ತಿ ಬಿದ್ದದ” ಎಂದರು ಅತ್ತೆ. ಅವರು ನಗುತ್ತಿರಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಆ ದೇಸಾಯರ ವಾಡೆಗೆ ಹೋದೆವು. ಹುನಗುಂದದಿಂದ ಬಂಡಿಯಲ್ಲಿ ಎರಡೂವರೆ ತಾಸಿನ ದಾರಿ. ಆನೆ ಹೋಗುವಷ್ಟು ಎತ್ತರದ ಅಗಸಿ, ಅದರ ಒಂದು ಕದ ಬಿದ್ದು ಹೋಗಿ ಅಲ್ಲಿ ಮೇಕೆ ಕಟ್ಟಿದ್ದರು. ಒಳಗೆ ಕಲ್ಲು ಹಾಸಿದ ಅಂಗಳ, ಸಾಗವಾನಿ ಕಂಬದ ಪಡಸಾಲೆ, ಹಿಂದೆ ತೋಟ. ಅಲ್ಲಿ ಇದ್ದವರು ಮನೆತನದ ಹಿರಿಯ ಬಾಯಿಯವರು ಮತ್ತು ಅವರ ಸೊಸೆ. ಬಾಯಿಯವರು ವಿಧವೆ, ತಲೆಯ ಮೇಲೆ ಕೆಂಪು ಸೀರೆಯ ಸೆರಗು, ಕೈಯಲ್ಲಿ ಕೋಲು. ಕೋಲಿಗಿಂತ ನಾಲಿಗೆ ಚುರುಕು. ವಾಡೆ ನೋಡಲು ಯಾರಾದರೂ ಬಂದರೆ ತಾವೇ ಮುಂದೆ ನಿಂತು ಎಲ್ಲ ತೋರಿಸುತ್ತಿದ್ದರು.

“ಇದು ಲಾಯ. ಇಲ್ಲೆ ಆರು ಕುದುರಿ ಇದ್ದುವು. ಈಗ ಸೌದಿ ಅದ. ಇದು ಖಜಾನಿ ಖೋಲಿ. ಈಗ ಕುಳ್ಳು ಅದ. ಇದು ನೋಡ್ರಿ, ಬಾವಿ. ನಮ್ಮ ಮಾವನವರ ಅಜ್ಜ ಇದರಾಗ ಕುದುರಿ ಸಮೇತ ಬಿದ್ದು, ಕುದುರಿ ಸಮೇತ ಎದ್ದು ಬಂದ್ರು.”

“ಪಾವಟಿಗಿ ಅವ ಅಲ್ರಿ ಬಾವಿಗೆ, ನಡಕೋತ ಬಂದಿರಬೇಕು” ಎಂದರು ನಮ್ಮವರು, ಬಾವಿಯ ಮೆಟ್ಟಿಲು ತೋರಿಸುತ್ತ.

ಬಾಯಿಯವರು ಅವರನ್ನು ಕೆಳಗಿನಿಂದ ಮೇಲಿನತನಕ ನೋಡಿದರು. “ನೀವು ಸಾಲಿ ಮಾಸ್ತರೇನು?”

“ಹೌದ್ರಿ.”

“ಅದಕ್ಕs” ಎಂದು ಮುಂದೆ ನಡೆದರು.

ತೋಟದ ನಡುವೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಪಾರಿಜಾತ. ಅಂಥ ಗಿಡ ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಮುಂಜಾನೆಯ ಹೂ ಇನ್ನೂ ಬಾಡದೆ ಕಟ್ಟೆಯೆಲ್ಲ ಬೆಳ್ಳಗೆ ಬಿದ್ದಿತ್ತು, ನಡುನಡುವೆ ಕೇಸರಿ ತೊಟ್ಟುಗಳು. ಅತ್ತೆ ಅದನ್ನು ನೋಡಿ ನಿಂತಲ್ಲೇ ನಿಂತರು. ಹರಕೆಯ ಕಥೆ ಹೇಳಿ, “ಒಂದು ಸಸಿ ಕೊಡ್ರಿ ಬಾಯಿಯವರ, ನಿಮ್ಮ ಹೆಸರು ಹೇಳಿ ಹಚ್ಚತೇನಿ” ಎಂದು ಸೆರಗೊಡ್ಡಿದರು. ತಮಗಾಗಿ ಅವರು ಹಾಗೆ ಸೆರಗೊಡ್ಡಿದ್ದನ್ನು ನಾನು ಕಂಡಿಲ್ಲ.

“ಹೂ ಎಷ್ಟು ಬೇಕಾದ್ರೂ ಆರಿಸ್ಕೊಂಡ್ ಹೋಗ್ರಿ, ಊರೆಲ್ಲಾ ಒಯ್ತಾರ. ಸಸಿ ಮಾತ್ರ ಈ ಅಗಸಿ ದಾಟೂದಿಲ್ಲ.”

“ಯಾಕ್ರಿ?”

“ಗೊತ್ತಿಲ್ಲ. ನಮ್ಮತ್ತಿ ಹೇಳಿದ್ರು, ನಾ ಹೇಳ್ತೇನಿ.”

ಹೂ ಒಯ್ಯಿರಿ ಎಂದರೆ ಎರಡೂವರೆ ತಾಸು ಬಿಸಿಲಲ್ಲಿ ಪಾರಿಜಾತ ಉಳಿದೀತೆ? ಅತ್ತೆ ಒಡ್ಡಿದ ಸೆರಗನ್ನು ಮತ್ತೆ ಹೊದ್ದುಕೊಂಡರು. ಬಾಯಿಯವರು ಅವರನ್ನು ಸಮಾಧಾನ ಮಾಡಲೆಂದೋ ಏನೋ, ತೋಟದ ಆ ಕಡೆಯ ನಾಗರಕಟ್ಟೆ ತೋರಿಸಲು ಕರೆದುಕೊಂಡು ಹೋದರು. ಇವರೂ ಹಿಂದೆ ಹೋದರು. ನಾನು ಹೂ ಆರಿಸುತ್ತ ಅಲ್ಲೇ ಉಳಿದೆ. ಕಟ್ಟೆಯ ಬುಡದಲ್ಲಿ ಬೀಜ ಬಿದ್ದು ಹುಟ್ಟಿದ ಗೇಣುದ್ದದ ಸಸಿಗಳು ಏಳೋ ಎಂಟೋ ಇದ್ದವು.

ನನ್ನ ಮೇಲೆ ತಪ್ಪು ಹೊರಿಸುವ ಮೊದಲು ಒಂದು ಮಾತು ತಿಳಿಯಬೇಕು. ನನ್ನ ತವರಿನ ಓಣಿಯಲ್ಲಿ ಯಾವ ಹೆಂಗಸೂ ಸಸಿಯನ್ನು ಕೇಳಿ ತರುತ್ತಿರಲಿಲ್ಲ. ಕೇಳಿ ತಂದದ್ದು ಒಣಗುತ್ತದೆ, ಹೇಳದೆ ತಂದದ್ದು ಹತ್ತುತ್ತದೆ ಎಂದು ಎಲ್ಲರ ನಂಬಿಕೆ. ನನ್ನ ತಾಯಿ ಎದುರು ಮನೆಯ ಕರಿಬೇವು ಹಾಗೆಯೇ ತಂದಿದ್ದಳು, ಎದುರು ಮನೆಯವರು ನಮ್ಮ ದುಂಡುಮಲ್ಲಿಗೆ ಹಾಗೆಯೇ ಒಯ್ದಿದ್ದರು. ಎರಡೂ ಭರ್ತಿ ಬೆಳೆದಿದ್ದವು. ಎರಡೂ ಮನೆಯವರಿಗೆ ಎರಡೂ ಗೊತ್ತಿತ್ತು, ಮತ್ತು ಯಾರೂ ಬಾಯಿ ಬಿಡುತ್ತಿರಲಿಲ್ಲ. ಇಂಥ ಮನೆಯಲ್ಲಿ ಬೆಳೆದ ನನಗೆ ಆ ಕೆಲಸ ಕಳವು ಎಂದು ಅನಿಸಲೇ ಇಲ್ಲ. ಬಂದ ಸ್ವಲ್ಪ ಹೊತ್ತಿಗೆ ವಾಡೆಯ ಸೊಸೆ ನನಗೆ ಅರಿಸಿನ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಗುಳೇದಗುಡ್ಡದ ಖಣ ಹಾಕಿ ಉಡಿ ತುಂಬಿದ್ದಳು. ಖಣವನ್ನು ಬಾವಿಯ ನೀರಲ್ಲಿ ಅದ್ದಿದೆ, ಒಂದು ಸಸಿಯನ್ನು ಬೇರಿನ ಮಣ್ಣು ಸಮೇತ ಎತ್ತಿ ಅದರಲ್ಲಿ ಸುತ್ತಿದೆ, ಉಡಿಯಲ್ಲಿ ಕಾಯಿಯ ಪಕ್ಕ ಇಟ್ಟುಕೊಂಡೆ. ಆಗ ಮಾತ್ರ ಹಿಂದೆ ಮುಂದೆ ನೋಡಿದೆ. ತುಳಸಿಗೇರಿ ಹಣಮಪ್ಪನನ್ನು ನೆನೆದೆ. ‘ಅಪ್ಪಾ, ಯಾರಿಗೂ ಗೊತ್ತಾಗದಂಗ ನೋಡ್ಕೋ, ನಿನಗ ಎಣ್ಣಿ ಹಾಕಸ್ತೇನಿ.’ ಅವನೂ ಒಂದು ಕಾಲಕ್ಕೆ ಯಾರದೋ ತೋಟ ಕಿತ್ತು ಹಾಕಿದವನೇ ಅಲ್ಲವೆ, ತಿಳಿದುಕೊಳ್ಳುತ್ತಾನೆ ಎಂದು ಧೈರ್ಯ.

ಬಂಡಿಯಲ್ಲಿ ಅರ್ಧ ದಾರಿ ಬಂದಾಗ ಅತ್ತೆ ನನ್ನನ್ನೇ ನೋಡಿದರು.

“ಏನs, ನಿನ್ನ ಉಡಿಯಿಂದ ನೀರು ಸೋರಲಿಕ್ಕತ್ತದ. ಕಾಯಿ ಒಡೀತೇನು?”

ಬಿಚ್ಚಿ ತೋರಿಸದೆ ಗತಿ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. “ವಾಡೇದ ಸೊಸಿ ಕೊಟ್ಟಳ್ರಿ ಅತ್ಯಾರ. ಅವರ ಅತ್ತಿಗೆ ಗೊತ್ತಾಗಬಾರದಂತ.”

ಅತ್ತೆಯ ಕಣ್ಣು ತುಂಬಿದವು. ಅಂದಿನಿಂದ ದಿನಾ ದೀಪ ಹಚ್ಚುವಾಗ ಆ ಸೊಸೆಗೆ, “ನೂರು ವರ್ಷ ಮುತ್ತೈದಿಯಾಗಿರಲಿ” ಎಂದು ಹರಸತೊಡಗಿದರು. ನಾನು ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದೆ.

ಬಾಡಿಗೆ ಮನೆಯ ಹಿತ್ತಲಲ್ಲಿ ಸಸಿ ನೆಟ್ಟೆವು. ಹತ್ತಿತೆಂದರೆ ಹೇಗೆ ಹತ್ತಿತು! ಪಾತ್ರೆ ತೊಳೆದ ನೀರು ಕುಡಿದೇ ಎರಡು ವರ್ಷಕ್ಕೆ ಗೋಡೆಗಿಂತ ಎತ್ತರ ಹೋಗಿ ಹೂ ಬಿಟ್ಟಿತು. ಆಮೇಲೆ ಅತ್ತೆಗೆ ಗುಡಿಯ ಹಿತ್ತಲ ತಿವಿತ ತಪ್ಪಿತು. ಲಕ್ಷವನ್ನೂ ಮನೆಯ ಹೂವಿನಿಂದಲೇ ಏರಿಸುವೆನೆಂದು ಡಬ್ಬಿಯ ಹಳೆಯ ಬೀಜ ತೆಗೆದಿಟ್ಟು ಹೊಸದಾಗಿ ಲೆಕ್ಕ ಹಿಡಿದರು. ಪ್ರತಿ ವರ್ಷ ಶ್ರಾವಣದಿಂದ ದೀವಳಿಗೆಯತನಕ ಬೆಳಗಿನಲ್ಲಿ ಅವರು ಗಿಡದ ಬುಡ ಸಾರಿಸಿದ ನೆಲದಲ್ಲಿ ಕೂತು ಆರಿಸುವರು, ಎಣಿಸುವರು, ಬೀಜ ಹಾಕುವರು. ಸಸಿ ನೆಟ್ಟಾಗ ನಾವು ಮುಂಬಯಿ ಸರಕಾರದವರು, ಡಬ್ಬಿ ತುಂಬುತ್ತ ಬಂದಾಗ ಮೈಸೂರು ರಾಜ್ಯದವರಾಗಿದ್ದೆವು. ಸರಕಾರ ಬದಲಾದದ್ದು ಅತ್ತೆಗೆ ಎಷ್ಟು ತಿಳಿದಿತ್ತೋ ಕಾಣೆ, ಬೀಜ ಒಂಬೈನೂರು ದಾಟಿದ್ದು ಮಾತ್ರ ಓಣಿಗೆಲ್ಲ ತಿಳಿದಿತ್ತು.

ಆ ವರ್ಷ ಗುಡಿಯಲ್ಲಿ ಪುರಾಣ ಹೇಳಲು ಬಂದ ಆಚಾರ್ಯರು ಒಂದು ಮಾತು ಹೇಳಿದರು. ಕೇಳದೆ ತಂದ ಹೂವಿನಿಂದ ಪೂಜೆ ಮಾಡಿದರೆ ಅದರ ಪುಣ್ಯ ಪೂಜೆ ಮಾಡಿದವರಿಗಲ್ಲ, ಗಿಡದ ಒಡೆಯರಿಗೆ ಹೋಗುತ್ತದೆ ಎಂದು. ಅತ್ತೆ ಮನೆಗೆ ಬಂದದ್ದು ಕುಣಿಯುತ್ತಲೇ. ಪಕ್ಕದ ಮನೆಯಾಕೆ ನಾವು ಏಳುವ ಮೊದಲೇ ಗೋಡೆಯ ಮೇಲಿಂದ ಕೋಲು ಹಾಕಿ ಟೊಂಗೆ ಅಲುಗಿಸಿ ತಮ್ಮ ಕಡೆ ಹೂ ಉದುರಿಸಿಕೊಳ್ಳುತ್ತಿದ್ದಳು. ಅವಳಿಗೂ ಅತ್ತೆಗೂ ದಿನಾ ಜಗಳ.

“ಕೇಳಿದೇನs? ಆಕಿ ಒಯ್ಯಲಿ. ಬುಟ್ಟಿ ತುಂಬಿ ಒಯ್ಯಲಿ! ಆಕಿ ಚಳ್ಯಾಗ ಬಗ್ಗಿ ಆರಸ್ತಾಳ, ಆಕಿನs ಪೂಜಿ ಮಾಡ್ತಾಳ, ಪುಣ್ಯ ಎಲ್ಲಾ ನಮ್ಮ ಮನಿಗೆ ಬರ್ತದ. ಇನ್ನ ಮ್ಯಾಲೆ ಆ ಕಡೆ ಟೊಂಗಿ ನಾನs ಬಗ್ಗಿಸಿ ಕೊಡ್ತೇನಿ.”

ಹೇಳಿದಂತೆ ಕೊಟ್ಟರೂ. ಪಕ್ಕದಾಕೆ ಕಂಗಾಲಾಗಿ, ಇದರಲ್ಲೇನೋ ಇದೆ ಎಂದು ಮೂರು ದಿನ ಹೂ ಮುಟ್ಟಲಿಲ್ಲ.

ನಾನು ಮಾತ್ರ ಆಚಾರ್ಯರ ಮಾತನ್ನು ನಮ್ಮ ಗಿಡಕ್ಕೇ ಹಚ್ಚಿ ನೋಡಿದೆ. ಆ ಲೆಕ್ಕದಲ್ಲಿ ನಮ್ಮ ಡಬ್ಬಿಯ ಒಂದೊಂದು ಬೀಜವೂ ಇಳಕಲ್ಲಿನ ದಾರಿಯ ವಾಡೆಗೆ ಹೋಗಿತ್ತು. ರಾತ್ರಿ ಊಟಕ್ಕೆ ಬಡಿಸುವಾಗ ನಮ್ಮವರಿಗೆ ಮೆಲ್ಲಗೆ ಹೇಳಿದೆ. ಅವರು ಸಾರು ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. “ಏ ಹುಚ್ಚಿ, ಪಾರಿಜಾತದ ಗಿಡಾ ಕೃಷ್ಣನs ಇಂದ್ರನ ತೋಟದಿಂದ ಕದ್ದು ತಂದಾನ. ಕದ್ದ ಮಾಲು ಕದ್ದವಗs ಮುಟ್ಟೇದ. ತಪ್ಪೆಲ್ಲೇ ಆತು?” ಎಂದರು. ಅವರಿಗೆ ಎಲ್ಲವೂ ಚೇಷ್ಟೆ.

ಭಾದ್ರಪದದಲ್ಲಿ ಅವರು ಯಾವುದೋ ಹೊಲದಲ್ಲಿ ಬಿದ್ದ ಬರಹದ ಕಲ್ಲನ್ನು ನಕಲು ಮಾಡಲು ಹೋಗಿ ಮಳೆಯಲ್ಲಿ ತೊಯ್ದು ಬಂದರು. ಅಂದೇ ಜ್ವರ. ಎರಡನೆಯ ದಿನ ಮೈ ಮತ್ತೆ ಕಾದಾಗ ನಾನು ಒಲೆಯ ಮುಂದೆ ಅಳುತ್ತ ಕೂತೆ. ಅತ್ತೆ ಬಂದು ತಲೆಯ ಮೇಲೆ ಕೈ ಇಟ್ಟರು. “ಹೆದರಬ್ಯಾಡ ನಮ್ಮವ್ವಾ. ಇನ್ನ ಏನಾಗ್ತದ ಅವಗ? ತೊಂಬತ್ತಾರು ಸಾವಿರ ಮುಟ್ಟ್ಯಾವಲ್ಲ ದೇವರಿಗೆ.”

ಆ ಮಾತು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಸಸಿ ಕದ್ದದ್ದು, ಸುಳ್ಳು ಹೇಳಿದ್ದು, ಎಲ್ಲ ಹೇಳಿ ಕಾಲು ಹಿಡಿದುಕೊಂಡೆ.

ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ತಮ್ಮಷ್ಟಕ್ಕೆ ತಾವೇ ವಾದಕ್ಕೆ ಕೂತರು.

“ಗಿಡಾ ಅವರದು, ಹೌದು. ಆದ್ರ ಪಾರಿಜಾತ ಗಿಡದಿಂದ ಹರಕೊಳ್ಳೂದಿಲ್ಲ. ನೆಲದ ಮ್ಯಾಲೆ ಬಿದ್ದದ್ದು ಆರಸ್ತೇವಿ. ಅಂದ್ರ ಹೂ ನೆಲದ ಒಡೆಯರದು.” ಮುಖ ಸ್ವಲ್ಪ ಅರಳಿತು. ಮತ್ತೆ ಬಾಡಿತು. “ಆದ್ರ ನೆಲಾ ನಮ್ಮದಲ್ಲ. ಮನಿ ಮಾಲಕಂದು.”

ನಮ್ಮ ಮನೆ ಮಾಲಕ ಇಳಕಲ್ ಸೀರೆಯ ವ್ಯಾಪಾರಿ. ಛಾವಣಿ ಸೋರುತ್ತದೆ ಎಂದು ನಾಲ್ಕು ವರ್ಷದಿಂದ ಹೇಳಿದರೂ ಒಂದು ಹೆಂಚು ಹಾಕಿಸದವನು. ಅವನಿಗೆ ತೊಂಬತ್ತಾರು ಸಾವಿರ ಪಾರಿಜಾತದ ಪುಣ್ಯ ಸೇರುತ್ತದೆ ಎಂಬುದನ್ನು ನೆನೆದು ಅತ್ತೆಗೆ ತಡೆಯಲಾಗಲಿಲ್ಲ. “ಅದಕ್ಕಿಂತಾ ದೇಸಾಯರಿಗೆ ಹೋಗೂದs ಛಲೋ” ಎಂದು ಎದ್ದರು. “ಇಂವಗ ಜ್ವರಾ ಬಿಡಲಿ. ಬಿಟ್ಟ ದಿನಾನs ಬಂಡಿ ಹೂಡಸು.”

ಮೂರನೆಯ ದಿನ ಜ್ವರ ಬಿಟ್ಟಿತು. ಬರೀ ಮಳೆಯ ನೆಗಡಿ, ದೇವರ ದಯೆ. ಮರುದಿನ ರವಿವಾರ. ಅವರನ್ನು ಕಂಬಳಿ ಹೊದಿಸಿ ಬಂಡಿಯಲ್ಲಿ ಕೂರಿಸಿ, ಡಬ್ಬಿಯನ್ನೂ, ಈ ನಡುವೆ ಹುಟ್ಟಿ ಆಗಷ್ಟೇ ತೊಟ್ಟಿಲು ಬಿಟ್ಟಿಳಿದಿದ್ದ ನನ್ನ ಮಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು ವಾಡೆಗೆ ಹೋದೆವು.

ಬಾಯಿಯವರು ಪಡಸಾಲೆಗೆ ಕರೆದರೂ ಅತ್ತೆ ಅಗಸಿ ಕಟ್ಟೆಯ ಮೇಲೇ ಕೂತರು. ನೀರು ತಂದರೆ ಮುಟ್ಟಲಿಲ್ಲ.

“ಬಾಯಿಯವರ, ನಮ್ಮ ಮನ್ಯಾಗ ನಿಮ್ಮ ಕಳವಿನ ಮಾಲು ಅದ.”

“ಅಯ್ಯ! ನಂದೊಂದು ತಾಮ್ರದ ತಂಬಿಗಿ ಹೋಗೇದ. ಅದೇನು?”

“ತಂಬಿಗಿ ಅಲ್ರಿ. ಗಿಡಾ.”

ನನ್ನನ್ನು ಮುಂದೆ ನೂಕಿದರು. ನಾನು ನೆಲ ನೋಡುತ್ತ ಎಲ್ಲ ಹೇಳಿದೆ, ಪುರಾಣದ ಮಾತನ್ನೂ ಹೇಳಿದೆ. ಸಿಟ್ಟಿಗೇಳುತ್ತಾರೆಂದು ಕಾದರೆ ಬಾಯಿಯವರು ಕೋಲು ಪಕ್ಕಕ್ಕಿಟ್ಟು ನೆಟ್ಟಗೆ ಕೂತರು.

“ಎಷ್ಟು ಹೂ ಅಂದಿ?”

“ತೊಂಬತ್ತಾರು ಸಾವಿರ ಆಗ್ಯಾವ್ರಿ.”

“ಎಲ್ಲಾದರ ಪುಣ್ಯಾ ನನಗs?”

“ಹಂಗಂತ ಆಚಾರ್ರು ಹೇಳ್ಯಾರ್ರಿ.”

“ನಾ ಬಗ್ಗಿಲ್ಲ, ಆರಿಸಿಲ್ಲ, ಎಣಿಸಿಲ್ಲ. ಮನ್ಯಾಗ ಕೂತಲ್ಲೆ ತೊಂಬತ್ತಾರು ಸಾವಿರ!” ಒಳಗೆ ತಿರುಗಿ ಸೊಸೆಗೆ ಕೂಗಿದರು, “ಏ ಕೇಳಿದೇನs? ಈ ಸಲಾ ಮಳ್ಯಾಗ ಅಡಗಿಮನಿ ಗ್ವಾಡಿ ಯಾಕ ಬೀಳಲಿಲ್ಲಂತ ಈಗ ತಿಳೀತು ನೋಡು!” ಆಮೇಲೆ ನಮ್ಮ ಕಡೆ ನೋಡಿ, “ಹುಡುಗಿ ಭಾಳ ಛಲೋ ಕೆಲಸ ಮಾಡ್ಯಾಳ. ಇನ್ನೆರಡು ಸಸಿ ಒಯ್ಯಿ ಬೇಕಾದ್ರ” ಎಂದರು.

“ನಾವು ಪುಣ್ಯಾ ಹೊಳ್ಳಿ ಕೇಳಲಿಕ್ಕೆ ಬಂದೇವ್ರಿ” ಎಂದರು ಅತ್ತೆ.

“ಬಂದ ಪುಣ್ಯಾ ಯಾರರ ಹೊಳ್ಳಿ ಕೊಡ್ತಾರೇನು? ಕೊಡೂದಿಲ್ಲ.”

ಇಷ್ಟು ಹೊತ್ತು ಕಂಬಳಿಯೊಳಗೆ ನಗುತ್ತ ಕೂತಿದ್ದ ನಮ್ಮವರು ಬಾಯಿ ಹಾಕಿದರು. “ಬಾಯಿಯವರ, ಈಗ ಹೊಸಾ ಕುಳಕಾಯ್ದೆ ಬಂದದ. ಉತ್ತವಗ ಹೊಲಾ. ನೀರು ಹಾಕಿದವರು ನಾವು, ಆರಿಸಿದವರು ನಾವು. ಕಾಯ್ದೇಶೀರ ಗಿಡಾ ನಮ್ಮದು.”

“ಕಾಯ್ದೆದ ಹೆಸರು ತಗೀಬ್ಯಾಡ ನನ್ನ ಮುಂದ!” ಬಾಯಿಯವರ ಕೋಲು ಕಲ್ಲಿಗೆ ಬಡಿಯಿತು. “ಹೊಲಾ ಎಲ್ಲಾ ಅದs ಕಾಯ್ದೆದಾಗ ಹೋದುವು. ಇನ್ನ ಪುಣ್ಯಾನೂ ಒಯ್ತೀಯೇನು ಮಾಸ್ತರಾ?”

ಅತ್ತೆ ಮಗನನ್ನು ಕಣ್ಣಲ್ಲೇ ಗದರಿಸಿ ಸುಮ್ಮನಾಗಿಸಿದರು. ಕಟ್ಟೆಯಿಂದ ಇಳಿದು ಬಾಯಿಯವರ ಎದುರು ನೆಲದ ಮೇಲೆ ಕೂತರು. ಅವರ ದನಿಯಲ್ಲಿ ವಾದ ಇರಲಿಲ್ಲ.

“ಬಾಯಿಯವರ, ಪುಣ್ಯಾ ನನಗ ಬ್ಯಾಡ, ನಿಮ್ಮ ಹತ್ರನs ಇರಲಿ. ನಾ ಕೊಟ್ಟ ಮಾತು ದೇವರಿಗೆ ಮುಟ್ಟೇದೋ ಇಲ್ಲೋ, ಅಷ್ಟು ಬೇಕು ನನಗ. ಇಂವನ ಜೀವದ ಸಲುವಾಗಿ ಹೊತ್ತ ಹರಕಿ ಅದು. ಇಪ್ಪತ್ತೊಂದು ದಿನಾ ಮಲಗಿದ್ದಾ. ಹದಿನೆಂಟನೇ ದಿನಾ ನನ್ನ ಗುರ್ತಾ ಹಿಡೀಲಿಲ್ಲ. ‘ನೀವು ಯಾರ್ರಿ’ ಅಂದಾ.”

ನಾನು ಆ ಮಾತನ್ನು ಮೊದಲ ಬಾರಿ ಕೇಳಿದೆ. ನಮ್ಮವರ ನಗುವೂ ನಿಂತಿತು. ಬಾಯಿಯವರು ಅವರನ್ನು ಒಮ್ಮೆ, ಅತ್ತೆಯನ್ನು ಒಮ್ಮೆ ನೋಡಿದರು. ಆಮೇಲೆ ಎದ್ದು, “ಏ, ಪಂಚಪಾತ್ರಿ ತಾ. ತುಳಸಿ ತಾ” ಎಂದು ಸೊಸೆಯನ್ನು ಕೂಗಿದರು.

ದಾನ ಕೊಡುವಾಗ ತುಳಸಿದಳ ಇಟ್ಟು ನೀರು ಬಿಡಬೇಕು, ಬಿಟ್ಟಮೇಲೆ ಅದು ಕೊಟ್ಟವರದಲ್ಲ. ಬಾಯಿಯವರು ಹಾಗೆ ದಳ ಹಿಡಿದು, ಅತ್ತೆಯ ಬೊಗಸೆಯ ಮೇಲೆ ನೀರು ಬಿಡುತ್ತ ಸ್ಪಷ್ಟವಾಗಿ ಹೇಳಿದರು. “ಗಿಡಾ ಕೊಟ್ಟೆ. ಹೂ ಕೊಟ್ಟೆ. ತೊಂಬತ್ತೈದು ಸಾವಿರದ ಒಂಬೈನೂರು ಹೂವಿನ ಪುಣ್ಯಾ ಕೊಟ್ಟೆ. ಕೃಷ್ಣಾರ್ಪಣ.”

ಅತ್ತೆಯ ಕೈ ನೀರು ಚೆಲ್ಲದಂತೆ ಗಟ್ಟಿ ಹಿಡಿದುಕೊಂಡಿತು, ಆದರೆ ಬಾಯಿ ಸುಮ್ಮನಿರಲಿಲ್ಲ. “ನೂರು ಕಮ್ಮಿ ಅದ ಅಲ್ರಿ?”

“ನೂರು ನನಗ ಇರಲಿ. ಮ್ಯಾಲೆ ಹೋದಾಗ ತೋರಸಲಿಕ್ಕೆ ನನ್ನ ಹತ್ರಾನೂ ಏನರ ಬೇಕಲ್ಲ? ಕಳವಿನ ದಂಡಾ ಅಂತ ತಿಳಕೋರಿ.”

“ಹಂಗಾದ್ರ ನಾ ನಾಲ್ಕು ಸಾವಿರದಾ ನೂರು ಏರಸಬೇಕು.”

“ಇಲ್ಲೇ ಏರಸ್ರಿ. ತಾಯಿಗಿಡಾ ಎದುರಿಗೇ ಅದ. ಯಾರನ್ನೂ ಕೇಳೂ ಹಂಗಿಲ್ಲ, ನಾನs ಮುಂದ ನಿಂತು ಕೊಡ್ತೇನಿ. ಎಂಟು ಹತ್ತು ದಿನಾ ಇದ್ದು ಹೋಗ್ರಿ. ಈ ವಾಡೇಕ್ಕ ಬಂದವರು ನೋಡಿ ಹೋಗ್ತಾರ, ಉಳಿಯೂದಿಲ್ಲ.”

ನಮ್ಮವರು ಸಾಲೆಗೆಂದು ಬಂಡಿಯಲ್ಲಿ ತಿರುಗಿ ಹೋದರು, ನಾವು ಉಳಿದೆವು. ನನಗೆ ಶಿಕ್ಷೆಯೂ ಆಯಿತು. ಹೂ ಮುಟ್ಟುವಂತಿಲ್ಲ, ಅಡಿಗೆ ಮನೆಯಲ್ಲಿ ವಾಡೆಯ ಸೊಸೆಗೆ ಕೈ ಹಚ್ಚಬೇಕು. ಅಷ್ಟು ವರ್ಷ ತನಗೆ ಬಿಟ್ಟಿ ಆಶೀರ್ವಾದ ಸಿಕ್ಕಿತೆಂದು ತಿಳಿದ ಆಕೆ ರೊಟ್ಟಿ ಬಡಿಯುತ್ತ ಬಡಿಯುತ್ತ ನಗುತ್ತಿದ್ದಳು. ಬೆಳಗು ಹರಿದರೆ ತೋಟದಿಂದ ಎರಡು ಮುದಿ ದನಿಗಳು ಕೇಳುತ್ತಿದ್ದವು.

“ಎಂಬತ್ತೇಳು, ಎಂಬತ್ತೆಂಟು...”

“ಎಂಬತ್ತೇಳs.”

“ನಾ ಎಣಸ್ಲಿಕ್ಕತ್ತೇನ್ರಿ.”

“ಅದಕ್ಕs ಹೇಳಿದೆ. ಆ ಹೂವಿಗೆ ಎಸಳು ಎಲ್ಲಿ ಅವ? ತೊಟ್ಟಷ್ಟs ಅದ. ತೊಟ್ಟು ಎಣಸಬ್ಯಾಡ್ರಿ, ದೇವರಿಗೆ ಕಣ್ಣವ.”

ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಬಾಯಿಯವರು ವಾಡೆಯ ಕಥೆಗಳನ್ನು ಹೇಳುವರು. ಮಂಗಳವಾರ ಹೇಳಿದ ಕಥೆಯಲ್ಲಿ ಸತ್ತ ಸರದಾರ ಗುರುವಾರದ ಕಥೆಯಲ್ಲಿ ಮದುವೆಯಾಗುತ್ತಿದ್ದ. ಅತ್ತೆ ತಪ್ಪು ಹಿಡಿದರೆ, “ಬ್ಯಾರೆ ಸರದಾರ ಅಂವಾ” ಎನ್ನುವರು. ಚೊಳಚಗುಡ್ಡದ ಬನಶಂಕರಿಗೆ ತಾವು ಬಾಲ್ಯದಲ್ಲಿ ಮೇಣೆಯಲ್ಲಿ ಹೋಗಿದ್ದನ್ನು ಹೇಳಿದಾಗ ಮಾತ್ರ ಒಂದೂ ಸುಳ್ಳು ಸೇರಿಸಲಿಲ್ಲ. ಅದನ್ನು ಅತ್ತೆ ತಡೆಯದೆ ಕೇಳಿದರು. ಅತ್ತೆಗೆ ಓರಗೆಯ ಗೆಳತಿ ಅಂತ ನಾನು ಕಂಡಿದ್ದು ಆ ದಿನಗಳಲ್ಲೇ.

ಶನಿವಾರ ಸಂಜೆ ನಮ್ಮವರು ಬಂದರು. ರವಿವಾರ ಬೆಳಗಿನಲ್ಲಿ ಕೊನೆಯ ಹೂಗಳು. ಬಾಯಿಯವರು ಕಟ್ಟೆಯ ಮೇಲೆ, ಅತ್ತೆ ಕೆಳಗೆ. ಅಂದು ಇಬ್ಬರೂ ಜಗಳಾಡಲಿಲ್ಲ. ಅತ್ತೆ ಕೊನೆಯ ಬೀಜವನ್ನು ಡಬ್ಬಿಗೆ ಹಾಕಿದ ಸಪ್ಪಳ ಅಡಿಗೆ ಮನೆಯವರೆಗೆ ಕೇಳಿಸಿತು. ನಾನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ. ದೇವರ ಮನೆಯಲ್ಲಿ ಹೂ ಏರಿಸಿ, ಅಡ್ಡಬಿದ್ದು, ಅತ್ತೆ ನೆಟ್ಟಗೆ ಪಡಸಾಲೆಗೆ ಬಂದರು. ಅಲ್ಲಿ ನಮ್ಮವರು ಜಮಖಾನೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಅತ್ತೆ ಕೂತು ಕೈಯ ಹಿಂಬದಿಯಿಂದ ಮಗನ ಹಣೆ ಮುಟ್ಟಿ ನೋಡಿದರು. ಕತ್ತು ಮುಟ್ಟಿದರು. ಮತ್ತೆ ಹಣೆ ಮುಟ್ಟಿದರು. ನಮ್ಮವರು ಎಚ್ಚರಾಗಿ ಕಣ್ಣು ಬಿಟ್ಟರು.

“ಮುಗೀತೇನವ್ವಾ?”

“ಮುಗೀತು. ಏಳಿನ್ನ” ಎಂದರು ಅತ್ತೆ, ಸೊಂಟ ಹಿಡಿದುಕೊಂಡು ಏಳುತ್ತ. “ಇನ್ನ ಮ್ಯಾಲೆ ಮಳ್ಯಾಗ ತೊಯ್ಸಿಕೊಂಡು ಬಂದ್ರ ನಿನ್ನ ಹೆಂಡತಿ ಹರಕಿ ಹೊರಲಿ. ನನ್ನ ಬೆನ್ನು ನೋಯ್ತದ.”